ಕುರಾ ದಂಡೆಯ ಮದ್ದಿನ ಮನೆ

ಔಷಧ ಅಂಗಡಿಯ ಫ್ರಿಡ್ಜಿನಲ್ಲಿ ಸಾಲಾಗಿ ನಿಲ್ಲಿಸಿದ ಪುಟ್ಟ ಸೀಸೆಗಳಲ್ಲಿ ಇರುವುದು ವೈರಸ್. 10 ಮಿಲಿಲೀಟರಿನ ಸೀಸೆ, ಒಳಗೆ ತಿಳಿಹಳದಿ ದ್ರವ, ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುವಷ್ಟು ತಿಳಿ. ನನ್ನ ಮುಂದೆ ನಿಂತಿದ್ದ ಹೆಂಗಸು ಒಂದು ಪೊಟ್ಟಣ ಕೊಂಡು, ಕೈಚೀಲದಲ್ಲಿ ಸೊಪ್ಪಿನ ಪಕ್ಕದಲ್ಲೇ ಇಟ್ಟುಕೊಂಡು ಹೊರಟರು. ಜಾರ್ಜಿಯಾ ದೇಶದ ರಾಜಧಾನಿ ಟಿಬಿಲಿಸಿಯಲ್ಲಿ ಇದು ಯಾರೂ ತಿರುಗಿ ನೋಡದಷ್ಟು ಮಾಮೂಲಿ ವ್ಯಾಪಾರ. ಕೀವು ಕಟ್ಟಿದ ಕುರು, ಸುಟ್ಟ ಗಾಯ, ಆಪರೇಶನ್ ಆದ ಮೇಲೆ ಒಣಗದೆ ಸೋರುವ ಹೊಲಿಗೆ, ಮಕ್ಕಳ ಭೇದಿ ಇವುಗಳಿಗೆ ಬ್ಯಾಕ್ಟೀರಿಯಾ ಕೊಲ್ಲುವ ವೈರಸ್ಸನ್ನು ಮದ್ದಾಗಿ ಬಳಸುವ ರೂಢಿ ಇಲ್ಲಿ ಅಜ್ಜಿಯರ ಕಾಲದಿಂದ ಬಂದಿದೆ. ಆ ವೈರಸ್ಸಿನ ಹೆಸರು ಬ್ಯಾಕ್ಟೀರಿಯೊಫೇಜ್. ಎಲ್ಲರೂ ಚಿಕ್ಕದಾಗಿ ಫೇಜ್ ಎನ್ನುತ್ತಾರೆ.

ಅಂಗಡಿ ಇರುವುದು ಎಲಿಯಾವಾ ಸಂಸ್ಥೆಯ ಆವರಣದಲ್ಲಿ. 1923ರಲ್ಲಿ ಶುರುವಾದ ಈ ಸಂಸ್ಥೆಗೆ ಈಗ ನೂರು ದಾಟಿದೆ. ಟಿಬಿಲಿಸಿಯನ್ನು ಸೀಳಿಕೊಂಡು ಹರಿಯುವ ಕುರಾ ನದಿಯನ್ನು ಇಲ್ಲಿನವರು ಮ್ಟ್‌ಕ್ವಾರಿ ಎನ್ನುತ್ತಾರೆ. ಕೆಂಗಂದು ನೀರು, ಎರಡೂ ದಂಡೆಯಲ್ಲಿ ಬಿಡುವಿಲ್ಲದೆ ಓಡುವ ಕಾರುಗಳು. ದಂಡೆಯ ರಸ್ತೆಯ ಗದ್ದಲದಿಂದ ಒಳಗೆ ತಿರುಗಿದರೆ ಸೋವಿಯತ್ ಕಾಲದ ದೊಡ್ಡ ಕಟ್ಟಡಗಳು, ಹಳೆಯ ಮರಗಳು. ಕೆಲವು ಗೋಡೆಗಳಿಗೆ ಹೊಸ ಬಣ್ಣ ಬಂದಿದೆ, ಕೆಲವು ಇನ್ನೂ ಕಾಯುತ್ತಿವೆ.

ನನ್ನನ್ನು ಕರೆದುಕೊಂಡು ಬಂದವಳು ಕಲಬುರಗಿಯ ಹುಡುಗಿ. ವೈದ್ಯಕೀಯ ಓದಲು ಜಾರ್ಜಿಯಾಕ್ಕೆ ಬಂದಿರುವ ಸಾವಿರಾರು ಭಾರತೀಯ ವಿದ್ಯಾರ್ಥಿಗಳಲ್ಲಿ ಒಬ್ಬಳು. ಜಾರ್ಜಿಯನ್ ಭಾಷೆಯನ್ನು ಅಂಗಡಿ, ಬಸ್ಸು, ಆಸ್ಪತ್ರೆಗೆ ಸಾಕಾಗುವಷ್ಟು ಕಲಿತಿದ್ದಾಳೆ. ಅಂಗಡಿಯವರೊಂದಿಗೆ ಮಾತಾಡಿ ನನ್ನ ಕಡೆ ತಿರುಗಿದಳು: “ಸುಮ್ನ ಬಂದು ಕೇಳಿದ್ರ ಇವೆಲ್ಲ ಸಿಗತಾವ್ರಿ. ಆದ್ರ ಹಳೇ ಹುಣ್ಣು, ಮಾಯಲಾರದ ಗಾಯ ಅಂದ್ರ ಮೊದಲ ಕಲ್ಚರ್ ರಿಪೋರ್ಟ್ ತೋರಸ್ರಿ ಅಂತಾರ.”

ಆ ರಿಪೋರ್ಟೇ ನನ್ನನ್ನು ಇಷ್ಟು ದೂರ ಕರೆತಂದದ್ದು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣನ್ನು ನೋಡಿಕೊಂಡವರ ಮನೆಗಳಲ್ಲಿ ಅದು ಇದ್ದೇ ಇರುತ್ತದೆ. ಎಡಗಡೆ ಹತ್ತಿಪ್ಪತ್ತು ಆಂಟಿಬಯಾಟಿಕ್‌ಗಳ ಹೆಸರು, ಬಲಗಡೆ ಒಂದೊಂದೇ ಅಕ್ಷರ. ‘ಎಸ್’ ಇದ್ದರೆ ಆ ಔಷಧಿಗೆ ರೋಗಾಣು ಬಗ್ಗುತ್ತದೆ, ‘ಆರ್’ ಇದ್ದರೆ ಬಗ್ಗುವುದಿಲ್ಲ. ಮೇಲಿನಿಂದ ಕೆಳಗಿನವರೆಗೆ ‘ಆರ್’ ತುಂಬಿ, ಕೊನೆಯಲ್ಲಿ ಕೊಲಿಸ್ಟಿನ್ ಎಂಬ ಒಂದು ಹೆಸರಿನ ಮುಂದೆ ಮಾತ್ರ ಆಸೆ ಉಳಿದಿರುವ ಹಾಳೆಗಳನ್ನು ನಾನು ಕಂಡಿದ್ದೇನೆ. ಕೊಲಿಸ್ಟಿನ್ ಹಳೆಯ ಔಷಧಿ. ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆಂದು ವೈದ್ಯರು ದಶಕಗಳ ಹಿಂದೆ ಬದಿಗಿಟ್ಟಿದ್ದನ್ನು ಬೇರೆ ದಾರಿಯಿಲ್ಲದೆ ಮತ್ತೆ ಕೈಗೆತ್ತಿಕೊಂಡಿದ್ದಾರೆ. ಆಂಟಿಬಯಾಟಿಕ್‌ಗೆ ಬಗ್ಗದ ಸೋಂಕಿನಿಂದಲೇ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜಿದೆ. ಆ ಲೆಕ್ಕದೊಳಗೆ ಮಾಯದ ಗಾಯದಿಂದ ನಂಜೇರಿ ಹೋದವರೂ ಇದ್ದಾರೆ.

ಫೇಜ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸಂಶೋಧಕರೊಬ್ಬರು ಪ್ರಯೋಗಾಲಯದ ಬಾಗಿಲಲ್ಲೇ ನಿಂತು ಹೇಳಿದರು. ಅದಕ್ಕೆ ಒಂದು ತಲೆ, ಒಂದು ಬಾಲ, ಬಾಲದ ತುದಿಯಲ್ಲಿ ಎಳೆಗಳು. ಆ ಎಳೆಗಳು ಬ್ಯಾಕ್ಟೀರಿಯಾದ ಮೈಮೇಲಿನ ಒಂದು ನಿರ್ದಿಷ್ಟ ಗುರುತನ್ನು ಹುಡುಕಿ ಹಿಡಿಯುತ್ತವೆ. ಗುರುತು ಸಿಕ್ಕರೆ ಫೇಜ್ ತನ್ನ ಡಿಎನ್‌ಎಯನ್ನು ಒಳಗೆ ತಳ್ಳುತ್ತದೆ. ಬ್ಯಾಕ್ಟೀರಿಯಾ ತನ್ನ ಕೆಲಸ ಬಿಟ್ಟು ಫೇಜ್‌ಗಳನ್ನೇ ತಯಾರಿಸತೊಡಗುತ್ತದೆ. ಅರ್ಧ ಗಂಟೆ, ಒಂದು ಗಂಟೆಯಲ್ಲಿ ಅದರ ಗೋಡೆ ಒಡೆದು ನೂರಾರು ಹೊಸ ಫೇಜ್‌ಗಳು ಹೊರಬಂದು ಪಕ್ಕದ ಬ್ಯಾಕ್ಟೀರಿಯಾಗಳಿಗೆ ಅಂಟಿಕೊಳ್ಳುತ್ತವೆ. ಗುರುತು ಸಿಗದಿದ್ದರೆ ಏನೂ ಆಗುವುದಿಲ್ಲ. ಮನುಷ್ಯನ ಜೀವಕೋಶದ ಮೇಲೆ ಆ ಗುರುತಿಲ್ಲ. ಹೊಟ್ಟೆಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಲ್ಲೂ ಬಹುಪಾಲು ಅದರ ಗೋಜಿಗೆ ಬರುವುದಿಲ್ಲ. ಒಂದೇ ಜಾತಿಯ ಬ್ಯಾಕ್ಟೀರಿಯಾದಲ್ಲಿ ಕೂಡ ನಿಮ್ಮ ಹುಣ್ಣಿನ ತಳಿಯನ್ನು ಕೊಲ್ಲುವ ಫೇಜ್ ಪಕ್ಕದ ಮಂಚದವರ ಹುಣ್ಣಿನ ತಳಿಯನ್ನು ಮುಟ್ಟದೇ ಇರಬಹುದು.

ಫೇಜ್‌ನ ಶಕ್ತಿಯೂ ತೊಡಕೂ ಇದೇ. ಆಂಟಿಬಯಾಟಿಕ್ ಬರೆಯುವಾಗ ವೈದ್ಯರು ಅಂದಾಜಿನ ಮೇಲೆ ಬರೆಯಬಹುದು, ತುರ್ತಿದ್ದಾಗ ಬರೆಯಲೇಬೇಕು. ಫೇಜ್ ವಿಷಯದಲ್ಲಿ ಅಂದಾಜು ಬಹಳ ದೂರ ನಡೆಯುವುದಿಲ್ಲ. ಮಾಯದ ಗಾಯದಲ್ಲಿ ಇರುವುದು ಯಾವುದು ಎಂದು ತಿಳಿಯದೆ ಇಲ್ಲಿ ಚಿಕಿತ್ಸೆ ಮುಂದೆ ಹೋಗುವುದಿಲ್ಲ. ಈ ಜಾಗದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಈ ಶಿಸ್ತು.

ಆವರಣದಲ್ಲಿ ಮರಗಳ ನಡುವೆ ಒಂದು ಹಳೆಯ ಬಂಗಲೆ ಇದೆ. ಇದನ್ನು ಕಟ್ಟಿಸಿದ್ದು ಫೆಲಿಕ್ಸ್ ದ’ಎರೆಲ್ ಎಂಬ ವಿಜ್ಞಾನಿಗಾಗಿ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಆತ, ರಕ್ತಭೇದಿಯಿಂದ ಚೇತರಿಸಿಕೊಳ್ಳುತ್ತಿದ್ದ ಸೈನಿಕರ ಮಲದಲ್ಲಿ ಬ್ಯಾಕ್ಟೀರಿಯಾ ತಿನ್ನುವ ಏನೋ ಇದೆ ಎಂದು ಕಂಡು, 1917ರಲ್ಲಿ ಅದಕ್ಕೆ ಬ್ಯಾಕ್ಟೀರಿಯೊಫೇಜ್ ಎಂದು ಹೆಸರಿಟ್ಟ. ಎರಡು ವರ್ಷ ಮೊದಲು ಇಂಗ್ಲೆಂಡಿನ ಫ್ರೆಡರಿಕ್ ಟ್ವಾರ್ಟ್ ಇದನ್ನೇ ಬೇರೆ ಬಗೆಯಲ್ಲಿ ಗಮನಿಸಿದ್ದ. 1919ರಲ್ಲಿ ಪ್ಯಾರಿಸ್ಸಿನ ಮಕ್ಕಳ ಆಸ್ಪತ್ರೆಯಲ್ಲಿ ರಕ್ತಭೇದಿಯ ಹುಡುಗನಿಗೆ ಫೇಜ್ ಕುಡಿಸುವ ಮುನ್ನ ದ’ಎರೆಲ್ ಮತ್ತು ಜೊತೆಯ ವೈದ್ಯರು ತಾವೇ ಕುಡಿದು ನೋಡಿದರು. ಚರ್ಮದ ಸೋಂಕಿಗೆ ಫೇಜ್ ಕೊಟ್ಟ ಮೊದಲ ವರದಿ 1921ರದು. ಬೆಲ್ಜಿಯಂನ ಇಬ್ಬರು ವೈದ್ಯರು ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಎಬ್ಬಿಸಿದ ಕುರುಗಳ ಸುತ್ತ ಫೇಜ್ ಚುಚ್ಚಿದಾಗ ಒಂದೆರಡು ದಿನದಲ್ಲೇ ಬಾವು ಇಳಿಯಿತು. ಪೆನಿಸಿಲಿನ್ ಕಣ್ಣಿಗೆ ಬೀಳಲು ಇನ್ನೂ ಏಳು ವರ್ಷವಿತ್ತು.

ಜಾರ್ಜಿಯಾದ ಜಾರ್ಜ್ ಎಲಿಯಾವಾ ಪಾಸ್ತರ್ ಸಂಸ್ಥೆಯಲ್ಲೇ ದ’ಎರೆಲ್‌ನ ಗೆಳೆಯನಾದವನು. ಊರಿಗೆ ಮರಳಿ ಸಂಸ್ಥೆ ಕಟ್ಟಿದ. 1930ರ ದಶಕದ ಮೊದಲ ಭಾಗದಲ್ಲಿ ಗೆಳೆಯನನ್ನು ಟಿಬಿಲಿಸಿಗೆ ಕರೆಸಿಕೊಂಡ. ದ’ಎರೆಲ್ ಇಲ್ಲಿ ತಿಂಗಳುಗಟ್ಟಲೆ ಇದ್ದು ಬರೆದ ಪುಸ್ತಕವನ್ನು ಎಲಿಯಾವಾ ರಷ್ಯನ್ ಭಾಷೆಗೆ ತಂದ. 1935ರಲ್ಲಿ ಅದು ಟಿಬಿಲಿಸಿಯಲ್ಲಿ ಅಚ್ಚಾಯಿತು, ಸ್ಟಾಲಿನ್‌ಗೆ ಅರ್ಪಣೆಯಾಗಿ. ಆ ಅರ್ಪಣೆ ಯಾರನ್ನೂ ಕಾಯಲಿಲ್ಲ. 1937ರಲ್ಲಿ ಎಲಿಯಾವಾನನ್ನು ‘ಜನಶತ್ರು’ ಎಂದು ಹಿಡಿದು ಗುಂಡಿಟ್ಟು ಕೊಂದರು. ಅವನ ಹೆಂಡತಿ ಪೋಲೆಂಡ್ ಮೂಲದ ಒಪೆರಾ ಗಾಯಕಿ, ಅವಳನ್ನೂ ಉಳಿಸಲಿಲ್ಲ. ದ’ಎರೆಲ್ ಮತ್ತೆ ಇತ್ತ ಬರಲಿಲ್ಲ. ಅವನಿಗಾಗಿ ಕಟ್ಟಿದ ಬಂಗಲೆ ರಹಸ್ಯ ಪೊಲೀಸರ ಪಾಲಾಯಿತು. ಬಂಗಲೆಯ ಮುಂದೆ ನಿಂತು ಕಲಬುರಗಿಯ ಹುಡುಗಿ ಇಷ್ಟನ್ನೂ ನನಗೆ ಒಂದೇ ಉಸಿರಿಗೆ ಹೇಳಿದಳು. ಇಲ್ಲಿ ಓದುವವರಿಗೆ ಈ ಕಥೆ ಬಾಯಿಪಾಠ. ಕಟ್ಟಿದವನನ್ನು ಕೊಂದ ಮೇಲೂ ಸಂಸ್ಥೆ ಉಳಿಯಿತು. ಇಡೀ ಸೋವಿಯತ್ ಸೈನ್ಯಕ್ಕೆ ಫೇಜ್ ಒದಗಿಸುವ ಕಾರ್ಖಾನೆಯಾಗಿ ಬೆಳೆಯಿತು.

ನಮ್ಮ ದೇಶದ ನೆನಪೂ ಇಲ್ಲಿ ಬರುತ್ತದೆ. 1896ರಲ್ಲಿ ಆಗ್ರಾದಲ್ಲಿದ್ದ ಬ್ರಿಟಿಷ್ ರಸಾಯನ ಪರೀಕ್ಷಕ ಅರ್ನೆಸ್ಟ್ ಹ್ಯಾಂಕಿನ್, ಗಂಗೆ ಯಮುನೆಯರ ನೀರಿನಲ್ಲಿ ಕಾಲರಾ ರೋಗಾಣು ಬೇಗ ಸಾಯುತ್ತದೆ ಎಂದು ಬರೆದ. ಪಿಂಗಾಣಿಯ ಸೂಕ್ಷ್ಮ ಸೋಸುಕದಿಂದ ಸೋಸಿದರೂ ನೀರಿನ ಆ ಗುಣ ಉಳಿಯುತ್ತಿತ್ತು, ಕುದಿಸಿದರೆ ಹೋಗುತ್ತಿತ್ತು. ಅದು ಫೇಜ್‌ನ ಕೆಲಸವೇ ಎಂದು ಇಂದು ಹಲವರು ನಂಬುತ್ತಾರೆ. ಮೂರು ದಶಕದ ನಂತರ ದ’ಎರೆಲ್ ತಾನೇ ಭಾರತಕ್ಕೆ ಬಂದು ಪಂಜಾಬಿನ ಕಾಲರಾ ರೋಗಿಗಳ ಮೇಲೆ ಫೇಜ್ ಪ್ರಯೋಗ ಮಾಡಿದ. ನದಿ ನೀರನ್ನು ಸೋಸಿ ಅದರೊಳಗಿನ ಮದ್ದನ್ನು ಹುಡುಕುವ ಕೆಲಸ ಟಿಬಿಲಿಸಿಯಲ್ಲಿ ಇವತ್ತಿಗೂ ನಡೆಯುತ್ತಿದೆ.

ಪ್ರಯೋಗಾಲಯದಲ್ಲಿ ಬೇಯಿಸಿದ ಮಾಂಸದ ಸಾರಿನ ವಾಸನೆ. ಬ್ಯಾಕ್ಟೀರಿಯಾ ಬೆಳೆಸುವ ಸಾರಿನದು ಅದು. ಸೂಕ್ಷ್ಮಜೀವಿಗಳ ಪ್ರಯೋಗಾಲಯದಲ್ಲಿ ಓಡಾಡಿದವರಿಗೆ ಎಲ್ಲಿದ್ದರೂ ಗುರುತು ಹತ್ತುತ್ತದೆ. ಮೇಜಿನ ಮೇಲೆ ಗಾಜಿನ ತಟ್ಟೆಗಳ ರಾಶಿ. ಸಂಶೋಧಕಿಯೊಬ್ಬರು ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ತಣ್ಣಗಾದ ಗಂಜಿಯ ಮೇಲೆ ಕಟ್ಟುವ ಕೆನೆಯಂತೆ ತಟ್ಟೆಯ ತುಂಬ ತೆಳುವಾಗಿ, ಮಂಕಾಗಿ ಹಬ್ಬಿದ್ದು ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ. ಗಾಯದ ಕೀವನ್ನು ಹಸಿರಾಗಿಸುವುದು, ಡ್ರೆಸ್ಸಿಂಗ್ ಬಿಚ್ಚಿದಾಗ ಸಿಹಿಸಿಹಿ ಕೊಳೆತ ವಾಸನೆ ಹೊಡೆಸುವುದು ಇದೇ. ತಟ್ಟೆಯ ಕೆಳಗೆ ಪೆನ್ನಿನಿಂದ ಚೌಕಗಳನ್ನು ಎಳೆದು, ಒಂದೊಂದು ಚೌಕದಲ್ಲಿ ಒಂದೊಂದು ಬಗೆಯ ಫೇಜ್‌ನ ಒಂದು ಹನಿ ಬಿಟ್ಟು ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಟ್ಟಿದ್ದರು. ಕೆಲವು ಚೌಕಗಳಲ್ಲಿ ಹನಿ ಬಿದ್ದ ಜಾಗ ಪೂರ್ತಿ ತಿಳಿಯಾಗಿ, ಕೆಳಗಿನ ಪೆನ್ನಿನ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಅಲ್ಲಿ ಬ್ಯಾಕ್ಟೀರಿಯಾ ಸತ್ತಿದೆ. ಕೆಲವು ಚೌಕಗಳಲ್ಲಿ ಅರೆಬರೆ. ಉಳಿದವುಗಳಲ್ಲಿ ಹನಿ ಬಿದ್ದ ಗುರುತೇ ಇಲ್ಲ.

ಅರೆಬರೆ ತಿಳಿಯಾದ ಒಂದು ಚೌಕದ ನಡುವೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಎದ್ದಿದ್ದವು. ಅವರು ಅದನ್ನೇ ಬೆರಳಿಟ್ಟು ತೋರಿಸಿದರು. ಫೇಜ್‌ನಿಂದ ತಪ್ಪಿಸಿಕೊಂಡು ಮತ್ತೆ ಬೆಳೆದ ಬ್ಯಾಕ್ಟೀರಿಯಾ ಅದು. ಫೇಜ್ ಹಿಡಿಯುವ ಗುರುತನ್ನೇ ಬದಲಿಸಿಕೊಂಡ ತಳಿ. ಆಂಟಿಬಯಾಟಿಕ್ ಎದುರು ನಡೆದದ್ದು ಫೇಜ್ ಎದುರೂ ನಡೆಯುತ್ತದೆ, ಈ ತಟ್ಟೆಯ ಮೇಲೆ ಒಂದೇ ರಾತ್ರಿಯಲ್ಲಿ. ಹಾಗಾಗಿ ಒಂದೇ ಫೇಜ್ ಕೊಡುವುದಿಲ್ಲ, ಬೇರೆ ಬೇರೆ ಗುರುತು ಹಿಡಿಯುವ ಹಲವನ್ನು ಬೆರೆಸಿ ಕೊಡುತ್ತಾರೆ. ಅಂಗಡಿಯಲ್ಲಿ ಕಂಡ ಸೀಸೆಗಳಲ್ಲಿ ಗಾಯಕ್ಕೆ ಹೆಚ್ಚು ಬಳಕೆಯಾಗುವ ‘ಪಯೊ’ ಅಂಥ ಮಿಶ್ರಣ. ಸ್ಟ್ಯಾಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್, ಇ. ಕೋಲಿ, ಸ್ಯೂಡೊಮೊನಾಸ್, ಪ್ರೋಟಿಯಸ್ ಇಷ್ಟಕ್ಕೂ ಅದರಲ್ಲಿ ಫೇಜ್‌ಗಳಿವೆ. ಆಸ್ಪತ್ರೆಗಳಿಂದ ಬರುವ ಹೊಸ ತಳಿಗಳ ಮೇಲೆ ಮಿಶ್ರಣವನ್ನು ಆಗಾಗ ಪರೀಕ್ಷಿಸಿ, ಸೋತ ಫೇಜ್ ತೆಗೆದು ಗೆಲ್ಲುವ ಫೇಜ್ ಸೇರಿಸುತ್ತಾರೆ. ವರ್ಷಗಟ್ಟಲೆ ಒಂದೇ ಸೂತ್ರದಲ್ಲಿ ಉಳಿಯುವ ಔಷಧಿ ಇದಲ್ಲ. ಯುರೋಪ್, ಅಮೆರಿಕಗಳ ಔಷಧ ನಿಯಂತ್ರಕರಿಗೆ ಇದನ್ನು ಹೇಗೆ ಒಪ್ಪುವುದೆಂದು ತಿಳಿಯದೆ ತಲೆನೋವಾಗಿರುವುದೂ ಇದರಿಂದಲೇ.

ತಪ್ಪಿಸಿಕೊಂಡ ಬ್ಯಾಕ್ಟೀರಿಯಾಕ್ಕೂ ಒಂದು ಬೆಲೆ ತೆರಬೇಕಾಗುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಕನೆಕ್ಟಿಕಟ್‌ನ ಒಂದು ಕೊಳದ ನೀರಿನಲ್ಲಿ ಕಂಡುಹಿಡಿದ ಫೇಜ್, ಸ್ಯೂಡೊಮೊನಾಸ್ ಆಂಟಿಬಯಾಟಿಕ್ಕನ್ನು ಹೊರಗೆ ಉಗುಳಲು ಬಳಸುವ ಪಂಪಿಗೇ ಅಂಟಿಕೊಳ್ಳುತ್ತದೆ. ಫೇಜ್‌ನಿಂದ ಪಾರಾಗಲು ಬ್ಯಾಕ್ಟೀರಿಯಾ ಆ ಪಂಪನ್ನು ಬದಲಿಸಿಕೊಂಡರೆ ಹಳೆಯ ಆಂಟಿಬಯಾಟಿಕ್‌ಗೆ ಮತ್ತೆ ಬಗ್ಗುತ್ತದೆ. ಈ ಸಂಗತಿ ನನ್ನಲ್ಲಿ ದೊಡ್ಡ ಆಸೆ ಹುಟ್ಟಿಸಿತು. ಫೇಜ್ ಬೇಕೋ ಆಂಟಿಬಯಾಟಿಕ್ ಬೇಕೋ ಎಂದು ಜಗಳ ತೆಗೆಯುವ ಅಗತ್ಯವೇ ಇಲ್ಲ. ಇವೆರಡೂ ಜೊತೆಗೂಡಿ ದುಡಿಯಬಲ್ಲವು.

ಚಿಕಿತ್ಸಾ ಕೇಂದ್ರ ಇದೇ ಆವರಣದಲ್ಲಿದೆ. ಹೊರದೇಶದಿಂದ ಬಂದವರು ಇಲ್ಲಿ ಕಾಯುತ್ತಿರುತ್ತಾರೆ. ವರ್ಷಗಟ್ಟಲೆ ಮೂಳೆ ಸೋಂಕಿನಿಂದ ನರಳಿ, ಕಾಲು ತೆಗೆಯಬೇಕೆಂದು ಹೇಳಿಸಿಕೊಂಡು ಬಂದ ಕೆನಡಾದ ಸಂಗೀತಗಾರರೊಬ್ಬರು 2001ರಲ್ಲಿ ಟಿಬಿಲಿಸಿಯಲ್ಲಿ ಫೇಜ್ ಪಡೆದು ಕಾಲು ಉಳಿಸಿಕೊಂಡ ಸುದ್ದಿ ಆಗ ದೂರ ದೂರ ಹರಡಿತ್ತು. ನನಗೆ ಮಾತಿಗೆ ಸಿಕ್ಕ ಶಸ್ತ್ರವೈದ್ಯರು ಅಂಥ ಕಥೆಗಳಿಗೆ ಕೈಹಾಕಲಿಲ್ಲ. ಗಾಯ ತೊಳೆಯುವ ಮಾತಿನಿಂದ ಶುರುಮಾಡಿದರು.

ಸತ್ತ ಮಾಂಸ ಇರುವವರೆಗೆ ಯಾವ ಮದ್ದೂ ಕೆಲಸ ಮಾಡುವುದಿಲ್ಲ ಎಂಬುದು ಅವರ ಮೊದಲ ಮಾತು. ಅಲ್ಲಿಗೆ ರಕ್ತ ಹೋಗುವುದಿಲ್ಲ, ರಕ್ತ ಹೋಗದ ಕಡೆ ಇಂಜೆಕ್ಷನ್ ಕೊಟ್ಟ ಆಂಟಿಬಯಾಟಿಕ್ ಹೋಗುವುದಿಲ್ಲ. ಕತ್ತರಿಯಿಂದ, ಬ್ಲೇಡಿನಿಂದ ಅದನ್ನು ತೆಗೆಯಬೇಕು. ಒಳಗೆ ಕೀವು ನಿಂತಿದ್ದರೆ ದಾರಿ ಮಾಡಿ ಹೊರಹಾಕಬೇಕು. ಕಾಲಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿದ್ದರೆ ಅದನ್ನು ಬಿಡಿಸಬೇಕು. ಸಕ್ಕರೆ ಹತೋಟಿಗೆ ಬರಬೇಕು. ಹುಣ್ಣಿನ ಮೇಲೆ ಮೈಭಾರ ಬೀಳದಂತೆ ನೋಡಬೇಕು. ಇಷ್ಟು ಮಾಡದೆ ಸುರಿಯುವ ಆಂಟಿಬಯಾಟಿಕ್ ಹುಣ್ಣನ್ನು ವಾಸಿಮಾಡುವುದಕ್ಕಿಂತ ಹೆಚ್ಚಾಗಿ ರೋಗಾಣುವಿಗೆ ಪಾಠ ಕಲಿಸುತ್ತದೆ. ಬಾವು, ಕೆಂಪು, ಬಿಸಿ, ನೋವು, ಕೀವು ಯಾವುದೂ ಇಲ್ಲದ ಹುಣ್ಣಿಗಂತೂ ಆಂಟಿಬಯಾಟಿಕ್ ಬೇಕಾಗಿಯೇ ಇಲ್ಲ. ಸಕ್ಕರೆ ಕಾಯಿಲೆಯ ಪಾದದ ಬಗೆಗಿನ ಅಂತರರಾಷ್ಟ್ರೀಯ ಮಾರ್ಗಸೂಚಿಗಳೂ ಇದನ್ನೇ ಹೇಳುತ್ತವೆ: ಸೋಂಕಿಲ್ಲದ ಹುಣ್ಣಿಗೆ ಬೇಡ, ಚರ್ಮ, ಮಾಂಸದ ಸೋಂಕಿಗೆ ಸಾಮಾನ್ಯವಾಗಿ ಒಂದೆರಡು ವಾರ, ಸೋಂಕು ಹಿಡಿದ ಮೂಳೆ ಒಳಗೇ ಉಳಿದಿದ್ದರೆ ಆರು ವಾರದಷ್ಟು. ನಮ್ಮಲ್ಲಿ ಹುಣ್ಣು ಪೂರ್ತಿ ಮಾಯುವವರೆಗೂ ತಿಂಗಳುಗಟ್ಟಲೆ ಮಾತ್ರೆ ನುಂಗುವವರು ಎಷ್ಟೋ ಜನ. ಮಾತ್ರೆ ಸೋಂಕಿಗೆ ಮಾತ್ರ. ಹುಣ್ಣು ಮುಚ್ಚುವ ಕೆಲಸ ಮೈಯದು.

ಕೀವಿನ ಮಾದರಿ ತೆಗೆಯುವುದನ್ನು ಅವರು ತಮ್ಮ ಅಂಗೈ ಮೇಲೆ ಹತ್ತಿಕಡ್ಡಿ ಇಟ್ಟು ತೋರಿಸಿದರು. ಮೇಲೆ ಹರಿಯುವ ಕೀವಿಗೆ ಕಡ್ಡಿ ಅದ್ದಿ ಕಳಿಸಿದರೆ, ಸುಮ್ಮನೆ ಮೇಲೆ ಬಂದು ಕೂತ ಬ್ಯಾಕ್ಟೀರಿಯಾಗಳ ಪಟ್ಟಿ ಸಿಗುತ್ತದೆ. ಮೊದಲು ಸಲೈನ್‌ನಿಂದ ಗಾಯ ತೊಳೆಯಬೇಕು. ಆಮೇಲೆ ಶುದ್ಧವಾದ ತಳದಲ್ಲಿ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಕಡ್ಡಿಯನ್ನು ಒತ್ತಿ, ಒಳಗಿನ ದ್ರವ ಒಸರುವಂತೆ ತಿರುಗಿಸಬೇಕು. ಆಳದ ಒಂದು ಚೂರು ಮಾಂಸವನ್ನೇ ಕತ್ತರಿಸಿ ಕಳಿಸಿದರೆ ಇನ್ನೂ ಒಳ್ಳೆಯದು. ಆಂಟಿಬಯಾಟಿಕ್‌ನ ಮೊದಲ ಡೋಸಿಗಿಂತ ಮುಂಚೆ ಇದು ಆಗಬೇಕು. ಇದಕ್ಕೆ ದುಬಾರಿ ಯಂತ್ರ ಬೇಡ, ಹೊಸ ವಿಜ್ಞಾನ ಬೇಡ. ನಮ್ಮ ತಾಲ್ಲೂಕು ಆಸ್ಪತ್ರೆಗಳ ಡ್ರೆಸ್ಸಿಂಗ್ ಕೋಣೆಯಲ್ಲೂ ಆಗುವ ಕೆಲಸ ಇದು, ಸಿಬ್ಬಂದಿಗೆ ಒಂದಿಷ್ಟು ಬಿಡುವು ಕೊಟ್ಟರೆ.

ಗಾಯ ತಯಾರಾದ ಮೇಲೆ ಫೇಜ್ ಹಾಕುವುದು ತೀರಾ ಸರಳ. ಸೀಸೆಯ ದ್ರವದಲ್ಲಿ ಗಾಜ್ ಬಟ್ಟೆ ನೆನೆಸಿ ಗಾಯದ ಮೇಲೆ, ಕುಳಿಯಿದ್ದರೆ ಕುಳಿಯ ಒಳಗೆ ಇಡುತ್ತಾರೆ. ಕುಡಿಯಲು ಕೊಡುವಾಗ ಹೊಟ್ಟೆಯ ಆಮ್ಲ ಫೇಜನ್ನು ಕೊಲ್ಲದಂತೆ ಖಾಲಿ ಹೊಟ್ಟೆಗೆ, ಕ್ಷಾರದ ಖನಿಜ ನೀರಿನ ಜೊತೆ ಕೊಡುವುದುಂಟು. ಮುಖ್ಯವಾದ ಎಚ್ಚರಿಕೆ ಒಂದಿದೆ. ಗಾಯಕ್ಕೆ ಮೊದಲು ಬೆಟಾಡಿನ್‌ನಂಥ ನಂಜುನಿರೋಧಕ ಹಾಕಿದ್ದರೆ ಅದನ್ನು ಸಲೈನ್‌ನಿಂದ ಅಥವಾ ಅಡುಗೆ ಸೋಡಾದ ತೆಳು ದ್ರಾವಣದಿಂದ ಪೂರ್ತಿ ತೊಳೆದ ಮೇಲೆಯೇ ಫೇಜ್ ಹಾಕಬೇಕು. ಬ್ಯಾಕ್ಟೀರಿಯಾ ಕೊಲ್ಲುವ ನಂಜುನಿರೋಧಕ ಫೇಜನ್ನೂ ಕೊಲ್ಲುತ್ತದೆ.

ಫೇಜ್‌ನ ಕಥೆಗಳಲ್ಲಿ ನನ್ನನ್ನು ಅಲುಗಾಡಿಸಿದ್ದು ಲಿಯಾದ್ದು. ಲಿಯಾ ಪಶ್ಚಿಮ ಜಾರ್ಜಿಯಾದ ಹಳ್ಳಿ, ಎಂಗುರಿ ಅಣೆಕಟ್ಟಿನ ಕಡೆಗೆ. 2001ರ ಡಿಸೆಂಬರಿನಲ್ಲಿ ಆ ಹಳ್ಳಿಯ ಮೂವರು ಕಟ್ಟಿಗೆ ತರಲು ಕಾಡಿಗೆ ಹೋದರು. ಎಲ್ಲೆಲ್ಲೂ ಹಿಮ, ಎರಡು ಲೋಹದ ಡಬ್ಬಿಗಳ ಸುತ್ತ ಮಾತ್ರ ಹಿಮ ಕರಗಿ ನೆಲದಿಂದ ಆವಿ ಏಳುತ್ತಿತ್ತು. ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಆ ರಾತ್ರಿ ಕಾಡಿನಲ್ಲೇ ತಂಗಬೇಕಾಗಿತ್ತು. ಚಳಿ ಕಾಯಿಸಿಕೊಳ್ಳಲು ಡಬ್ಬಿಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೂತರು. ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಯಿತು. ಸೋವಿಯತ್ ಕಾಲದಲ್ಲಿ ರೇಡಿಯೊ ಕೇಂದ್ರಗಳಿಗೆ ವಿದ್ಯುತ್ ಒದಗಿಸುತ್ತಿದ್ದ ಜನರೇಟರುಗಳ ಒಡಲಲ್ಲಿದ್ದ ಸ್ಟ್ರಾನ್ಷಿಯಂ-90 ಅದು. ದೇಶ ಒಡೆದಾಗ ಕೇಳುವವರಿಲ್ಲದೆ ಕಾಡಿನಲ್ಲಿ ಉಳಿದಿತ್ತು.

ವಿಕಿರಣದ ಸುಟ್ಟಗಾಯ ಬೆಂಕಿಯ ಸುಟ್ಟಗಾಯದ ಥರ ಅಲ್ಲ. ಚರ್ಮ ಮತ್ತೆ ಮತ್ತೆ ಸಾಯುತ್ತಲೇ ಹೋಗುತ್ತದೆ, ಹೊಸದು ಹುಟ್ಟುವ ಶಕ್ತಿಯೇ ಉಡುಗಿರುತ್ತದೆ. ಇಬ್ಬರ ಗಾಯಗಳಿಗೆ ಸ್ಟ್ಯಾಫಿಲೊಕಾಕಸ್ ಆರಿಯಸ್ ಹತ್ತಿತು. ಹಲವು ಆಂಟಿಬಯಾಟಿಕ್‌ಗಳಿಗೆ ಬಗ್ಗದ ತಳಿ, ಸಿಪ್ರೊಫ್ಲಾಕ್ಸಸಿನ್‌ಗೂ ಬಗ್ಗದ್ದು. ಮುಲಾಮು, ಇಂಜೆಕ್ಷನ್ ಕೊಟ್ಟರೂ ಸೋಂಕು ಹೋಗಲಿಲ್ಲ. ಸುಮಾರು ಒಂದು ತಿಂಗಳ ನಂತರ ಟಿಬಿಲಿಸಿಯ ವೈದ್ಯರು ಫೇಜೊಬಯೊಡರ್ಮ್ ಎಂಬ ಪಟ್ಟಿಯನ್ನು ಗಾಯದ ಮೇಲೆ ಹಾಕಿದರು. ಮೈಯಲ್ಲಿ ತಾನಾಗಿ ಕರಗುವ ಪಾಲಿಮರ್ ಹಾಳೆ ಅದು, ಫೇಜ್‌ಗಳನ್ನೂ ಸಿಪ್ರೊಫ್ಲಾಕ್ಸಸಿನ್ನನ್ನೂ ಒಳಗಿಟ್ಟುಕೊಂಡು ನಿಧಾನವಾಗಿ ಬಿಡುಗಡೆ ಮಾಡುತ್ತದೆ. ಎರಡರಿಂದ ಏಳು ದಿನದಲ್ಲಿ ಕೀವು ನಿಂತಿತು, ಏಳು ದಿನದಲ್ಲಿ ಸ್ಟ್ಯಾಫಿಲೊಕಾಕಸ್ ಇಲ್ಲವಾಯಿತು. ಸಿಪ್ರೊಫ್ಲಾಕ್ಸಸಿನ್ ಆ ತಳಿಯನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ಕೆಲಸ ಮಾಡಿದ್ದು ಫೇಜ್ ಎಂದು ವೈದ್ಯರು ಬರೆದರು. ಸೋಂಕು ಹೋದರೂ ವಿಕಿರಣದ ಗಾಯ ಉಳಿಯಿತು. ಮುಂದೆ ಪ್ಯಾರಿಸ್ಸಿಗೂ ಮಾಸ್ಕೋಗೂ ಚಿಕಿತ್ಸೆಗೆ ಕಳಿಸಬೇಕಾಯಿತು. ಮೂವರಲ್ಲಿ ಒಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ನರಳಿ 2004ರಲ್ಲಿ ತೀರಿಕೊಂಡ.

ಒಬ್ಬಿಬ್ಬರ ಕಥೆಯಿಂದ ಔಷಧಿ ಸಾಬೀತಾಗುವುದಿಲ್ಲ, ಅದು ಎಷ್ಟೇ ಮನ ಕಲಕಿದರೂ. ಸುಟ್ಟಗಾಯಗಳ ಮೇಲೆ ಪಶ್ಚಿಮ ಯುರೋಪಿನಲ್ಲಿ ನಡೆದ ಫೇಜೊಬರ್ನ್ ಪ್ರಯೋಗವನ್ನು ಇಲ್ಲಿ ಹೇಳದಿದ್ದರೆ ಓದುಗರಿಗೆ ಅನ್ಯಾಯವಾಗುತ್ತದೆ. ಸ್ಯೂಡೊಮೊನಾಸ್ ಸೋಂಕಿದ್ದ 27 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 12 ಫೇಜ್‌ಗಳ ಮಿಶ್ರಣವನ್ನೂ ಇನ್ನೊಂದಕ್ಕೆ ನಮ್ಮ ಬರ್ನ್ಸ್ ವಾರ್ಡುಗಳಲ್ಲೂ ನಿತ್ಯ ಹಚ್ಚುವ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮನ್ನೂ ಹಚ್ಚಿದರು. ಮುಲಾಮಿನವರಲ್ಲಿ ಬ್ಯಾಕ್ಟೀರಿಯಾ ಸುಮಾರು ಎರಡು ದಿನದಲ್ಲಿ ಕಡಿಮೆಯಾದರೆ ಫೇಜ್‌ನವರಲ್ಲಿ ಆರು ದಿನ ಹಿಡಿಯಿತು. 2019ರಲ್ಲಿ ಫಲಿತಾಂಶ ಬಂದಾಗ ಫೇಜ್ ಸೋತಿತೆಂದೇ ಹಲವರು ಬರೆದರು. ಒಳಹೊಕ್ಕು ನೋಡಿದರೆ ತಯಾರಿಸಿದ ಮಿಶ್ರಣ ಇಟ್ಟಲ್ಲೇ ಬಲ ಕಳೆದುಕೊಂಡಿತ್ತು. ಒಂದು ಮಿಲಿಲೀಟರಿನಲ್ಲಿ 10 ಲಕ್ಷ ಫೇಜ್ ಇರಬೇಕಾದ ಕಡೆ ರೋಗಿಗೆ ತಲುಪಿದ್ದು ಬರೀ ನೂರರ ಲೆಕ್ಕ. ಮಿಶ್ರಣ ಸೋತ ರೋಗಿಗಳ ಬ್ಯಾಕ್ಟೀರಿಯಾ ಆ ಕಡಿಮೆ ಪ್ರಮಾಣಕ್ಕೆ ಬಗ್ಗುತ್ತಿರಲಿಲ್ಲ. ಇದನ್ನು ಫೇಜ್‌ನ ಸೋಲು ಎನ್ನುವುದು ಸರಿಯಲ್ಲ, ಗೆಲುವೆಂದು ಹೇಳಲು ಆಧಾರವೂ ಇಲ್ಲ. ಸರಿಯಾಗಿ ತಯಾರಿಸಿದ, ಸರಿಯಾಗಿ ಕಾಪಿಟ್ಟ ಫೇಜ್‌ನ ದೊಡ್ಡ ಪ್ರಯೋಗಗಳು ಇನ್ನಷ್ಟು ಆಗಬೇಕು. ಜಾರ್ಜಿಯಾದಲ್ಲಿ ನೂರು ವರ್ಷದ ಅನುಭವವಿದೆ, ಆದರೆ ಅದರ ಬಹುಪಾಲು ಇಂದಿನ ವಿಜ್ಞಾನ ಕೇಳುವ ಬಗೆಯ ಹೋಲಿಕೆಯ ದಾಖಲೆಯಲ್ಲ. ಇದನ್ನು ಇಲ್ಲಿನ ಸಂಶೋಧಕರೂ ಮುಚ್ಚಿಡುವುದಿಲ್ಲ.

ಕೊನೆಗೆ ತೋರಿಸಿದ್ದು ಶೀತಲ ಕೋಣೆ. ಈ ಸಂಸ್ಥೆಯ ನಿಜವಾದ ಆಸ್ತಿ ಇದೇ: ನದಿ, ಚರಂಡಿ, ಆಸ್ಪತ್ರೆಯ ಕೊಳಚೆಯಿಂದ ಹತ್ತಾರು ವರ್ಷ ಹುಡುಕಿ ತೆಗೆದ ಫೇಜ್‌ಗಳು, ಅವುಗಳ ಜೊತೆಗೆ ಅವು ಕೊಲ್ಲುವ ಬ್ಯಾಕ್ಟೀರಿಯಾ ತಳಿಗಳು. ಸೋವಿಯತ್ ಒಕ್ಕೂಟ ಒಡೆದ ಮೇಲೆ 1990ರ ದಶಕದಲ್ಲಿ ಟಿಬಿಲಿಸಿಯಲ್ಲಿ ದಿನಗಟ್ಟಲೆ ಕರೆಂಟ್ ಇರುತ್ತಿರಲಿಲ್ಲ. ಅಂತರ್ಯುದ್ಧ, ಸಂಬಳವಿಲ್ಲದ ತಿಂಗಳುಗಳು. ಫ್ರಿಡ್ಜುಗಳು ನಿಂತು ಸಂಗ್ರಹದ ಒಂದು ಭಾಗ ಹಾಳಾಯಿತು. ವಿಜ್ಞಾನಿಗಳು ಕೈಗೆ ಸಿಕ್ಕಷ್ಟನ್ನು ಮನೆಗೆ ಒಯ್ದು ತಮ್ಮ ಮನೆಯ ಫ್ರಿಡ್ಜಿನಲ್ಲಿ ಕಾಪಾಡಿದರು. ಅಬ್ಖಾಜಿಯಾ ಯುದ್ಧದಲ್ಲಿ ಜಾರ್ಜಿಯಾದ ಸೈನಿಕರು ಗಾಯಕ್ಕೆ ಸಿಂಪಡಿಸಿಕೊಳ್ಳಲು ಫೇಜ್ ಡಬ್ಬಿ ಒಯ್ದದ್ದೂ ಅದೇ ದಿನಗಳಲ್ಲಿ. ಸಂಬಳವಿಲ್ಲದೆ ಈ ಸೀಸೆಗಳನ್ನು ಕಾದ ಹೆಂಗಸರಲ್ಲಿ ಹಲವರ ಹೆಸರು ಎಲ್ಲೂ ದೊಡ್ಡದಾಗಿ ಬರೆದಿಲ್ಲ. ಅವರಿಗೆ ಜಗತ್ತಿನ ಎಷ್ಟೋ ರೋಗಿಗಳು ಋಣಿಗಳು.

ನಮ್ಮ ಕಡೆಯೂ ಕೆಲಸ ನಡೆಯುತ್ತಿದೆ. ವಾರಣಾಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯರು ವಾರಗಟ್ಟಲೆ ಮಾಯದ ಗಾಯಗಳ ಮೇಲೆ ಫೇಜ್ ಹಾಕಿ ಸಣ್ಣ ಅಧ್ಯಯನಗಳನ್ನು ಪ್ರಕಟಿಸಿದ್ದಾರೆ. ಬೆಂಗಳೂರಿನಲ್ಲಿ 2000ದಲ್ಲಿ ಶುರುವಾದ ಗಂಗಾಜೆನ್ ಬೇರೆ ದಾರಿ ಹಿಡಿಯಿತು. ಫೇಜ್ ಪೂರ್ತಿ ಬೇಡ, ಬ್ಯಾಕ್ಟೀರಿಯಾದ ಗೋಡೆ ಒಡೆಯಲು ಅದು ಬಳಸುವ ಪ್ರೋಟೀನ್ ಸಾಕೆಂದು ಪಿ128 ಎಂಬುದನ್ನು ರೂಪಿಸಿತು. ಸ್ಟ್ಯಾಫಿಲೊಕಾಕಸ್ ತಿನ್ನುವ ‘ಕೆ’ ಎಂಬ ಹಳೆಯ ಫೇಜ್‌ನ ಬಾಲದ ಪ್ರೋಟೀನಿನ ಒಂದು ತುಂಡು ಅದರಲ್ಲಿದೆ. ಇಷ್ಟಾದರೂ ಫೇಜ್ ಇನ್ನೂ ನಮ್ಮೂರಿನ ಔಷಧ ಅಂಗಡಿಯಲ್ಲಿ ಚೀಟಿ ಕೊಟ್ಟು ಕೊಳ್ಳುವ ವಸ್ತುವಲ್ಲ. ಹಾಗೆ ಮಾರಲು ಬಂದವರನ್ನು ನಂಬಬಾರದು.

ಭಾರತದಿಂದ ಟಿಬಿಲಿಸಿಯ ಚಿಕಿತ್ಸಾ ಕೇಂದ್ರಕ್ಕೆ ಬರೆಯುವವರು ಮೊದಲು ಕಳಿಸಬೇಕಾದ್ದು ಕಾಯಿಲೆಯ ವಿವರ, ಕಲ್ಚರ್ ರಿಪೋರ್ಟ್, ಈವರೆಗೆ ಕೊಟ್ಟ ಆಂಟಿಬಯಾಟಿಕ್‌ಗಳ ಪಟ್ಟಿ. ಮಾದರಿ ತೆಗೆಯುವ ಮುನ್ನ ಆಂಟಿಬಯಾಟಿಕ್ ಕೆಲವು ದಿನ ನಿಲ್ಲಿಸಬಹುದೇ ಎಂಬುದನ್ನು ನೋಡಿಕೊಳ್ಳುತ್ತಿರುವ ವೈದ್ಯರೇ ಹೇಳಬೇಕು. ಸ್ವಂತ ನಿರ್ಧಾರ ಜೀವಕ್ಕೆ ಕುತ್ತು. ಜ್ವರದ ಜೊತೆ ನಡುಕ, ಗಂಟೆಗಂಟೆಗೆ ಹಬ್ಬುವ ಕೆಂಪು, ಕಪ್ಪಾಗುತ್ತಿರುವ ಚರ್ಮ, ಒತ್ತಿದರೆ ಚರಚರ ಎನ್ನುವ ಬಾವು, ಗಾಯದ ಅಳತೆ ಮೀರಿದ ನೋವು ಕಂಡರೆ ಫೇಜ್‌ಗೂ ಕಲ್ಚರ್ ರಿಪೋರ್ಟಿಗೂ ಕಾಯದೆ ಅದೇ ರಾತ್ರಿ ಶಸ್ತ್ರಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಅಂದಾಜಿನ ಮೇಲೆ ಕೊಡುವ ಬಲವಾದ ಆಂಟಿಬಯಾಟಿಕ್ ಮತ್ತು ಕತ್ತರಿಯೇ ಜೀವ ಉಳಿಸುವುದು.

ಉಳಿದವರ ಮಾದರಿ ಇಲ್ಲಿಗೆ ಬಂದ ಮೇಲೆ ನಾನು ಕಂಡಂಥ ಚೌಕದ ತಟ್ಟೆಯ ಮೇಲೆ ಪರೀಕ್ಷೆ ಆಗುತ್ತದೆ. ಸಿದ್ಧ ಮಿಶ್ರಣ ಕೊಂದರೆ ಸೀಸೆ ಕೊಡುತ್ತಾರೆ. ಕೊಲ್ಲದಿದ್ದರೆ ಸಂಗ್ರಹದಲ್ಲಿ ಹುಡುಕುತ್ತಾರೆ. ಅಲ್ಲೂ ಸಿಗದಿದ್ದರೆ ನದಿಯ ನೀರೋ ಚರಂಡಿಯ ನೀರೋ ತಂದು, ರೋಗಿಯ ಬ್ಯಾಕ್ಟೀರಿಯಾ ಬೆಳೆಸಿದ ಸಾರಿನಲ್ಲಿ ಬೆರೆಸಿ ರಾತ್ರಿಯಿಡೀ ಇಟ್ಟು, ಬ್ಯಾಕ್ಟೀರಿಯಾ ದಾಟಲಾರದ ಸೂಕ್ಷ್ಮ ಸೋಸುಕದಲ್ಲಿ ಸೋಸಿ ಮತ್ತೆ ತಟ್ಟೆಯ ಮೇಲೆ ಹನಿ ಬಿಡುತ್ತಾರೆ. ಹೀಗೆ ಒಬ್ಬರಿಗಾಗಿಯೇ ಫೇಜ್ ಹುಡುಕಿ ತಯಾರಿಸಲು ವಾರಗಳು ಹಿಡಿಯುತ್ತವೆ, ಕೆಲವರಿಗೆ ಸಿಗುವುದೂ ಇಲ್ಲ. ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆದು ಕಳಿಸುತ್ತಾರೆ.